‘ನನ್ ಫೋಟೊ ಬ್ಯಾಡ್ರಿ’ ಅಂದವರ ಮಾತು ಉಳಿಸುವುದು ಹೇಗೆ? ಸಭೆ ನಡೆಸುವವರಿಗೆ ಒಂದು ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದಲ್ಲಿ ಕಾರ್ಯಕ್ರಮ ಅಂದರೆ ಏನೇನು ಇರಬೇಕು ಅಂತ ನಿಮಗೆ ಗೊತ್ತೇ ಇದೆ. ಬ್ಯಾನರ್, ದೀಪ, ಶಾಲು, ಹಣ್ಣಿನ ಬುಟ್ಟಿ, ಅತಿಥಿ ಸ್ವಲ್ಪ ದೊಡ್ಡವರಾದರೆ ಹಾವೇರಿಯ ಏಲಕ್ಕಿ ಮಾಲೆ, ಕೊನೆಗೆ ಗಿರ್ಮಿಟ್, ಮಿರ್ಚಿ, ಚಹಾ. ಇದರ ಮಧ್ಯೆ ಕ್ಯಾಮೆರಾದವರು ಓಡಾಡುತ್ತಲೇ ಇರುತ್ತಾರೆ. ಫೋಟೊ ಇಲ್ಲ ಅಂದರೆ ಕಾರ್ಯಕ್ರಮವೇ ಆಗಿಲ್ಲ ಅನ್ನುವ ಹಾಗೆ.

ಅಕೌಂಟ್ಸ್ ಮತ್ತು ಜಿಎಸ್‌ಟಿ ಕೆಲಸ ಮಾಡುವವರ ಸಣ್ಣ ಬಳಗವೊಂದನ್ನು ನಡೆಸುವವರಲ್ಲಿ ನಾನೂ ಒಬ್ಬ. ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ವಿದ್ಯಾನಗರದ ಒಂದು ಹಾಲ್‌ನಲ್ಲಿ ಸೇರುತ್ತೇವೆ. ಐವತ್ತು, ಅರವತ್ತು ಜನ. ಧಾರವಾಡದಿಂದ ಚಿಗರಿ ಬಸ್ ಹತ್ತಿ ಬರುವವರು, ಗದಗದಿಂದ ರೈಲಿಗೆ ಬರುವವರು ಎಲ್ಲಾ ಇದ್ದಾರೆ.

ಮೂರು ವರ್ಷದ ಹಿಂದೆ ಒಬ್ಬ ಮೇಡಂ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, "ಸರ್, ನನ್ ಫೋಟೊ ಬ್ಯಾಡ್ರಿ" ಅಂದರು. "ಆತ್ರಿ ಮೇಡಂ, ಕಾಳಜಿ ಮಾಡ್ಬ್ಯಾಡ್ರಿ" ಅಂದೆ. ಅಷ್ಟರಲ್ಲಿ ಮೈಕ್ ಹತ್ತುತ್ತಿಲ್ಲ ಅಂತ ಯಾರೋ ಕೂಗಿದರು, ಆ ಕಡೆ ಓಡಿದೆ. ಕ್ಯಾಮೆರಾದವರಿಗೆ ಹೇಳುವುದು ಮರೆತೇ ಹೋಯಿತು.

ಸಂಜೆ ಬಳಗದ ವಾಟ್ಸಾಪ್ ಗ್ರೂಪಿಗೆ ಫೋಟೊಗಳು ಬಂದವು, ನಲವತ್ತೆರಡು. ಅದರಲ್ಲೊಂದು ಚಹಾ ಹೊತ್ತಿನದು. ಮುಂದೆ ಅತಿಥಿಗಳು ನಗುತ್ತಾ ನಿಂತಿದ್ದಾರೆ. ಅವರ ಹೆಗಲ ಹಿಂದೆ, ಕಿಟಕಿ ಪಕ್ಕ, ಆ ಮೇಡಂ. ಕೈಯಲ್ಲಿ ಗಿರ್ಮಿಟ್ ಪ್ಲೇಟು, ಚಮಚ ಅರ್ಧ ದಾರಿಯಲ್ಲಿ. ಸದಸ್ಯರೊಬ್ಬರು ಅದೇ ಫೋಟೊವನ್ನು ಸ್ಟೇಟಸ್‌ಗೆ ಹಾಕಿಕೊಂಡರು. ರಾತ್ರಿ ಎಂಟಕ್ಕೆ ಅದು ಆ ಮೇಡಂ ಕೆಲಸ ಮಾಡುವ ಕಡೆಯ ಮಾಲೀಕರ ಕಣ್ಣಿಗೆ ಬಿದ್ದಾಗಿತ್ತು. ಮೇಡಂ ಬೇರೆ ಕೆಲಸ ಹುಡುಕುತ್ತಿದ್ದರು. ಆ ದಿನ ಮೈ ಸರಿ ಇಲ್ಲ ಅಂತ ಹೇಳಿ ಅರ್ಧ ದಿನ ರಜೆ ಹಾಕಿ ಬಂದಿದ್ದರು.

ಫೋನ್ ಮಾಡಿದಾಗ ಅವರು ಜಗಳ ಆಡಲಿಲ್ಲ. "ನಾ ನಿಮಗ ಮೊದ್ಲ ಹೇಳಿದ್ನಲ್ರಿ ಸರ್" ಅಂದರು, ಅಷ್ಟೇ.

ಸುಳ್ಳು ಹೇಳಿ ಬಂದದ್ದು ಅವರ ತಪ್ಪಲ್ವಾ ಅಂತ ನಮ್ಮ ಕಮಿಟಿಯಲ್ಲಿ ಒಬ್ಬರು ಕೇಳಿದರು. ಇರಬಹುದು. ಅದು ಅವರಿಗೂ ಅವರ ಮಾಲೀಕರಿಗೂ ಇರುವ ಲೆಕ್ಕ. ನಮ್ಮ ಪುಸ್ತಕದಲ್ಲಿ ಬಾಕಿ ಉಳಿದದ್ದು ನಾನು ಕೊಟ್ಟ ಮಾತು.

ಆಮೇಲೆ ಒಂದೊಂದೇ ಬದಲಾಯಿಸುತ್ತಾ ಬಂದೆವು. ಕೆಲವು ನಡೆದವು, ಕೆಲವು ನಗೆಪಾಟಲಾದವು. ಎರಡನ್ನೂ ಹೇಳುತ್ತೇನೆ. ಡಾಕ್ಟರುಗಳ ಸಭೆ, ಟೀಚರುಗಳ ತರಬೇತಿ, ಸಾಫ್ಟ್‌ವೇರ್ ಹುಡುಗರ ಮೀಟಪ್, ವ್ಯಾಪಾರಿಗಳ ಸಂಘ, ಯಾವುದೇ ಇರಲಿ, ಸಭೆ ನಡೆಸುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲನೆಯದು: ಕಾರಣ ಕೇಳಬೇಡಿ

ಫೋಟೊ ಬೇಡ ಅಂದ ಕೂಡಲೇ ನಮ್ಮ ಬಾಯಿಗೆ ಬರುವ ಮಾತು "ಯಾಕ್ರಿ, ಏನಾಗ್ತದ?" ಅಂತ. ಪ್ರೀತಿಯಿಂದಲೇ ಕೇಳುತ್ತೇವೆ. ಆದರೆ ಕೇಳಿಸಿಕೊಂಡವರು ನಾಲ್ಕು ಜನರ ಮುಂದೆ ತಮ್ಮ ಮನೆಯ ವಿಷಯ ಹೇಳಬೇಕಾಗುತ್ತದೆ, ಇಲ್ಲ ಸುಳ್ಳು ಹೇಳಬೇಕಾಗುತ್ತದೆ.

ಒಬ್ಬರು ಗಂಡನ ಮನೆ ಬಿಟ್ಟು ಬಂದಿರಬಹುದು, ಎಲ್ಲಿದ್ದಾರೆ ಅನ್ನುವುದು ಆ ಕಡೆಯವರಿಗೆ ಗೊತ್ತಾಗಬಾರದು. ಇನ್ನೊಬ್ಬರಿಗೆ ಕೀಮೊ ಆಗಿ ಕೂದಲು ಈಗ ತಾನೇ ಬರುತ್ತಿರಬಹುದು. ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ಮೇಲಿನವರು ಏನಂದಾರೋ ಅನ್ನುವ ಅಳುಕು. ಮನೆಯಲ್ಲಿ ಸೂತಕ ಇದ್ದರೂ ಕೆಲಸದ ವಿಷಯ ಅಂತ ಬಂದವರು, ತಾವು ನಗುತ್ತಿರುವ ಫೋಟೊ ಬಂಧುಗಳ ಗ್ರೂಪಿಗೆ ಹೋಗುವುದು ಬೇಡ ಅಂದುಕೊಂಡಿರಬಹುದು. ಕೆಲವರಿಗೆ ಕಾರಣವೇ ಇಲ್ಲ. ಸುಮ್ನೆ ಇಷ್ಟ ಇಲ್ಲ. ಅದೂ ಸಾಕು.

"ಆತ್ರಿ" ಅನ್ನಿ. ಆಮೇಲೆ ಅದನ್ನು ಎಲ್ಲಾದರೂ ಬರೆದಿಡಿ. ನನ್ನ ಹಾಗೆ ತಲೆಯಲ್ಲಿ ಇಟ್ಟುಕೊಳ್ಳಬೇಡಿ.

ಕಾನೂನು ಏನು ಹೇಳುತ್ತದೆ

ನಾನು ವಕೀಲನಲ್ಲ. ಸಭೆ ನಡೆಸುವವರಿಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸಿಗೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದು ಆಧಾರ್‌ನಿಂದ ಶುರುವಾದ ಕೇಸು, ಸಭೆಯ ಫೋಟೊ ಬಗ್ಗೆ ಅಲ್ಲ. ಆದರೆ ದಾರಿ ಅಲ್ಲಿಂದ ತೆರೆಯಿತು.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮೇಲಿನ ಮುಖ್ಯ ಜವಾಬ್ದಾರಿಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುವ ಹಾಗೆ ಇಟ್ಟಿದ್ದಾರೆ. ಒಬ್ಬರನ್ನು ಗುರುತಿಸಬಹುದಾದ ಮಾಹಿತಿ ಎಲ್ಲಾ ಅದರಲ್ಲಿ ಬರುತ್ತದೆ. ಮುಖಕ್ಕಿಂತ ದೊಡ್ಡ ಗುರುತು ಯಾವುದಿದೆ? ತನ್ನ ಮನೆಯ ಬಳಕೆಗೆ, ಸ್ವಂತಕ್ಕೆ ಇಟ್ಟುಕೊಳ್ಳುವ ವ್ಯಕ್ತಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಸಂಘದ ಪ್ರಚಾರಕ್ಕೆ ಫೋಟೊ ಹಾಕುವುದನ್ನು ಮನೆ ಬಳಕೆ ಅಂತ ಹೇಳಿಕೊಳ್ಳುವುದು ಕಷ್ಟ.

ಅದರಲ್ಲಿ ನನಗೆ ಹಿಡಿಸಿದ್ದು ಎರಡು ಮಾತು. ಒಪ್ಪಿಗೆ ಅನ್ನುವುದು ತಾವಾಗಿ, ಸ್ಪಷ್ಟವಾಗಿ ಕೊಟ್ಟದ್ದು ಆಗಿರಬೇಕು. ಸುಮ್ಮನಿದ್ದರು ಅಂದರೆ ಒಪ್ಪಿದರು ಅಂತ ಅಲ್ಲ. ಮತ್ತೆ, ಕೊಡುವುದು ಎಷ್ಟು ಸುಲಭವೋ ಹಿಂದೆ ತೆಗೆದುಕೊಳ್ಳುವುದೂ ಅಷ್ಟೇ ಸುಲಭ ಇರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು ಅಂತಲೂ ಇದೆ. ಅಂದರೆ ಕನ್ನಡದಲ್ಲಿ ಕೇಳುವುದು ಬರೀ ಅಭಿಮಾನದ ಮಾತಲ್ಲ.

ಯಾಕೆ ಫೋಟೊ ಬೇಕು ಅಂತ ಮೊದಲು ಕೂತು ಬರೆಯಿರಿ

ಕಾರ್ಯಕ್ರಮಕ್ಕೆ ವಾರ ಇದ್ದಾಗ ಕಮಿಟಿ ಕೂತು ಒಂದು ಹಾಳೆ ತೆಗೆದುಕೊಳ್ಳಿ. ಯಾವ ಫೋಟೊ ಎಲ್ಲಿಗೆ ಬೇಕು? ನಾವು ಬರೆದಾಗ ಹೀಗೆ ಬಂತು: ಪತ್ರಿಕೆಗೆ ಒಂದು, ನಮ್ಮ ಪೇಜಿಗೆ ಐದು, ಭಾಷಣಕಾರರಿಗೆ ನೆನಪಿಗೆ ಒಂದೆರಡು. ಒಟ್ಟು ಎಂಟು. ನಲವತ್ತೆರಡು ಯಾಕೆ ತೆಗೆಸುತ್ತಿದ್ದೆವು ಅಂತ ಯಾರಿಗೂ ಗೊತ್ತಿರಲಿಲ್ಲ.

ಎಂಟರಲ್ಲಿ ಸಭಿಕರ ಮುಖ ಬೇಕಾದದ್ದು ಒಂದೋ ಎರಡೋ. ಉಳಿದದ್ದು ವೇದಿಕೆ, ಭಾಷಣಕಾರರು, ಸನ್ಮಾನ, ಬ್ಯಾನರ್. ಹಾಲ್ ತುಂಬಿತ್ತು ಅಂತ ತೋರಿಸಬೇಕಾ? ಹಿಂದಿನಿಂದ ತೆಗೆಯಿರಿ. ತಲೆಗಳು, ಮುಂದೆ ವೇದಿಕೆ. ಜನ ಎಷ್ಟಿದ್ದರು ಅಂತ ಗೊತ್ತಾಗುತ್ತದೆ, ಯಾರಿದ್ದರು ಅಂತ ಗೊತ್ತಾಗುವುದಿಲ್ಲ. ಹಿಂದಿನಿಂದ ತೆಗೆದ ಫೋಟೊದಲ್ಲಿ ಬೋಳುತಲೆಗಳೇ ಎದ್ದು ಕಾಣುತ್ತವೆ ಅಂತ ನಮ್ಮ ಖಜಾಂಚಿ ತಕರಾರು ತೆಗೆದರು. ಅದಕ್ಕೆ ಪರಿಹಾರ ಸಿಕ್ಕಿಲ್ಲ.

ಫಾರ್ಮಿನಲ್ಲಿ ಒಂದು ಪ್ರಶ್ನೆ

ನೋಂದಣಿ ಫಾರ್ಮಿನಲ್ಲಿ ನಾವು ಬಳಸುವ ಸಾಲು ಇದು. ಬೇಕಾದರೆ ಹಾಗೇ ಎತ್ತಿಕೊಳ್ಳಿ:

"ಕಾರ್ಯಕ್ರಮದಲ್ಲಿ ಫೋಟೊ ತೆಗೆಯುತ್ತೇವೆ. ಆಯ್ದ ಕೆಲವನ್ನು ನಮ್ಮ ಫೇಸ್‌ಬುಕ್ ಪೇಜ್, ಬಳಗದ ವಾಟ್ಸಾಪ್ ಗ್ರೂಪ್ ಮತ್ತು ಪತ್ರಿಕೆಗಳಿಗೆ ಕೊಡುತ್ತೇವೆ. ನಿಮ್ಮ ಮುಖ ಕಾಣುವ ಫೋಟೊ ಬಳಸಬಹುದೇ? ಬಳಸಬಹುದು / ಬೇಡ. ಯಾವಾಗ ಬೇಕಾದರೂ ಬದಲಾಯಿಸಬಹುದು, ಈ ನಂಬರಿಗೆ ಒಂದು ಮೆಸೇಜ್ ಸಾಕು."

ಎರಡರಲ್ಲಿ ಯಾವುದಕ್ಕೂ ಮೊದಲೇ ಟಿಕ್ ಹಾಕಿಡಬೇಡಿ. ಖಾಲಿ ಬಿಟ್ಟರೆ ‘ಬೇಡ’ ಅಂತಲೇ ಲೆಕ್ಕ. "ಬೇಡ ಎಂದಾದರೆ ಕಾರಣ" ಅಂತ ಒಂದು ಖಾನೆ ನಮ್ಮ ಮೊದಲ ಫಾರ್ಮಿನಲ್ಲಿ ಇತ್ತು. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಇಷ್ಟು ಮಾಡಿ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ನಮ್ಮ ಕಡೆ ಅರ್ಧ ಜನ ಫಾರ್ಮ್ ತುಂಬುವುದೇ ಇಲ್ಲ. "ನಾವ್ ಇಬ್ರು ಬರ್ತೀವ್ರಿ" ಅಂತ ಫೋನ್ ಮಾಡುತ್ತಾರೆ, ಮೂರು ಜನ ಬರುತ್ತಾರೆ. ಹಾಗಾಗಿ ನಿಜವಾದ ಕೆಲಸ ಬಾಗಿಲಲ್ಲಿದೆ.

ಬಾಗಿಲಲ್ಲಿ ದಾರ

ಕೆಲವು ದೊಡ್ಡ ಸಾಫ್ಟ್‌ವೇರ್ ಸಮ್ಮೇಳನಗಳಲ್ಲಿ ಕೊರಳಿಗೆ ಹಾಕುವ ಟ್ಯಾಗಿನ ದಾರಕ್ಕೆ ಬಣ್ಣ ಇರುತ್ತದೆ. ಹಸಿರು ಅಂದರೆ ತೆಗೆಯಬಹುದು, ಹಳದಿ ಅಂದರೆ ಕೇಳಿ ತೆಗೆಯಿರಿ, ಕೆಂಪು ಅಂದರೆ ಬೇಡವೇ ಬೇಡ. ನಾವೂ ಅದನ್ನೇ ಮಾಡೋಣ ಅಂತ ಹೊರಟೆವು. ಹಸಿರು ದಾರ ಅಂಗಡಿಯಲ್ಲಿ ಮುಗಿದಿತ್ತು, ಹಳದಿ ಮತ್ತು ಕೆಂಪು ತಂದೆವು. ತಿಂಗಳು ನವೆಂಬರ್. ಬಂದವರೆಲ್ಲಾ ರಾಜ್ಯೋತ್ಸವಕ್ಕೆ ಮಾಡಿಸಿದ್ದು ಅಂದುಕೊಂಡು ಎರಡೆರಡು ಹಾಕಿಕೊಂಡರು. ಹಿರಿಯರೊಬ್ಬರು ಮನೆಗೂ ಮೂರು ಒಯ್ದರು.

ಬಣ್ಣದ ತೊಂದರೆ ಇಷ್ಟೇ ಅಲ್ಲ. ಕೆಂಪು-ಹಸಿರು ಬೇರೆ ಮಾಡಿ ನೋಡಲು ಆಗದವರು ಇರುತ್ತಾರೆ, ಕ್ಯಾಮೆರಾ ಹಿಡಿದವರೇ ಅಂಥವರಾಗಿರಬಹುದು. ಇನ್ನೊಂದು ದೊಡ್ಡ ತೊಂದರೆ ಆಮೇಲೆ ಗೊತ್ತಾಯಿತು. ಕೆಂಪು ದಾರ ಹಾಕಿದವರನ್ನು ಎಲ್ಲರೂ ತಿರುಗಿ ನೋಡುತ್ತಾರೆ. "ಯಾಕ್ರಿ ಕೆಂಪು?" ಅನ್ನುತ್ತಾರೆ. ಯಾರು ಕಣ್ಣಿಗೆ ಬೀಳಬಾರದು ಅಂತ ಬಂದಿದ್ದರೋ ಅವರ ಕೊರಳಿಗೇ ನಾವು ಗಂಟೆ ಕಟ್ಟಿದ ಹಾಗಾಯಿತು.

ಈಗ ಉಲ್ಟಾ ಮಾಡಿದ್ದೇವೆ. ಎಲ್ಲರಿಗೂ ಒಂದೇ ಬಿಳಿ ಕಾರ್ಡು, ಬಿಳಿ ದಾರ. ಫೋಟೊ ಆಗಬಹುದು ಅನ್ನುವವರು ಮೇಜಿನ ಮೇಲಿನ ತಟ್ಟೆಯಿಂದ ಒಂದು ನೀಲಿ ಸ್ಟಿಕರ್ ತೆಗೆದುಕೊಂಡು ಕಾರ್ಡಿಗೆ ತಾವೇ ಅಂಟಿಸಿಕೊಳ್ಳುತ್ತಾರೆ. ಸ್ಟಿಕರ್ ಮೇಲೆ ಕ್ಯಾಮೆರಾದ ಚಿತ್ರ ಇದೆ, ಬಣ್ಣ ಗೊತ್ತಾಗದಿದ್ದರೂ ಚಿತ್ರ ಗೊತ್ತಾಗುತ್ತದೆ. ಸ್ಟಿಕರ್ ಇಲ್ಲ ಅಂದರೆ ಫೋಟೊ ಇಲ್ಲ. ತಡವಾಗಿ ಬಂದವರು, ಮೇಜಿಗೆ ಬಾರದವರು, ಮರೆತವರು, ಎಲ್ಲರೂ ತಾವಾಗಿಯೇ ಉಳಿದುಕೊಳ್ಳುತ್ತಾರೆ. ಯಾರೂ ಬಂದು ‘ಬೇಡ’ ಅಂತ ಕೇಳಿಕೊಳ್ಳಬೇಕಾಗಿಲ್ಲ. ಅರವತ್ತು ಜನರಲ್ಲಿ ಮೂವತ್ತೈದು, ನಲವತ್ತು ಜನ ಸ್ಟಿಕರ್ ಹಚ್ಚಿಕೊಳ್ಳುತ್ತಾರೆ. ನಮ್ಮ ಎಂಟು ಫೋಟೊಕ್ಕೆ ಅಷ್ಟು ಮುಖ ಧಾರಾಳವಾಯಿತು.

ಐನೂರು ಜನರ ಸಮ್ಮೇಳನ ಆದರೆ ಇದು ಕಷ್ಟ, ಒಪ್ಪುತ್ತೇನೆ. ಅಲ್ಲಿ ಕುರ್ಚಿಯೇ ದಾರಿ.

ಕುರ್ಚಿ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಇದೇ. ಹಾಲಿನ ಒಂದು ಬದಿಯ ನಾಲ್ಕೈದು ಸಾಲಿಗೆ "ಈ ಕಡೆ ಫೋಟೊ ಇಲ್ಲ" ಅಂತ ಬೋರ್ಡು. ಕ್ಯಾಮೆರಾ, ವಿಡಿಯೊ ಯಾವುದೂ ಆ ಕಡೆ ತಿರುಗುವ ಹಾಗಿಲ್ಲ. ಬೇಕಾದವರು ಬಂದು ಕೂರುತ್ತಾರೆ. ಯಾರು ಫೋಟೊಕ್ಕೆ ಹೆದರಿ ಕೂತರು, ಯಾರು ಸುಮ್ನೆ ಜಾಗ ಇದೆ ಅಂತ ಕೂತರು, ಒಂದೂ ಗೊತ್ತಾಗುವುದಿಲ್ಲ.

ಆ ಸಾಲು ಕಂಬದ ಹಿಂದೆ ಇರಬಾರದು. ಅಲ್ಲಿಂದ ಪರದೆ ಕಾಣಬೇಕು, ಮಾತು ಕೇಳಬೇಕು, ಮೇಲೆ ಫ್ಯಾನ್ ತಿರುಗಬೇಕು. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಇಲ್ಲದ ಮೂಲೆಗೆ ಕಳಿಸಿದರೆ ಶಿಕ್ಷೆ ಕೊಟ್ಟ ಹಾಗೆ. ಬಾಗಿಲು ಮತ್ತು ನೀರಿನ ಕ್ಯಾನ್ ಇರುವ ಬದಿಯನ್ನೇ ಕೊಡಿ. ಓಡಾಡುವ ದಾರಿಯೂ ಕ್ಯಾಮೆರಾ ಮುಂದೆ ಹಾಯುವುದಿಲ್ಲ.

ಕ್ಯಾಮೆರಾದವರ ಜೊತೆ ಹತ್ತು ನಿಮಿಷ

ನಮ್ಮ ಕಡೆ ಸಭೆಗೆ ಬರುವ ಸ್ಟುಡಿಯೊದವರೇ ಮದುವೆಗೂ ಹೋಗುವವರು. ಮದುವೆಯಲ್ಲಿ ಯಾರ ಮುಖವೂ ಬಿಟ್ಟು ಹೋಗಬಾರದು, ಬಿಟ್ಟರೆ ಬೀಗರು ಬೇಜಾರಾಗುತ್ತಾರೆ. ಊಟದ ಪಂಕ್ತಿಯಲ್ಲಿ ಬಗ್ಗಿ ಬಗ್ಗಿ ಒಬ್ಬೊಬ್ಬರದೂ ತೆಗೆಯುತ್ತಾರೆ. ಅದೇ ಕೈ, ಅದೇ ಅಭ್ಯಾಸ. ಅವರದ್ದು ತಪ್ಪಲ್ಲ, ನಾವು ಹೇಳಿಲ್ಲ ಅಷ್ಟೇ.

ಕಾರ್ಯಕ್ರಮದ ದಿನ ಅರ್ಧ ಗಂಟೆ ಮುಂಚೆ ಬರಲು ಹೇಳಿ. ಖಾಲಿ ಹಾಲಿನಲ್ಲಿ ನಿಲ್ಲಿಸಿ ಕೈ ಮಾಡಿ ತೋರಿಸಿ. ನಾನು ಹೇಳುವುದು ಹೀಗೆ: "ಸರ, ಕಾರ್ಡಿಗೆ ನೀಲಿ ಸ್ಟಿಕರ್ ಇದ್ದವ್ರದ್ದ ಅಷ್ಟ ತಗೀರಿ. ಎಡಗಡೆ ಸಾಲಿನ ಕಡೆ ಕ್ಯಾಮೆರಾ ತಿರುಗೂದ ಬ್ಯಾಡ. ವೇದಿಕೆ ಮ್ಯಾಲ ನಿಂತು ಜನರ ಕಡೆ ಹೊಡಿಬ್ಯಾಡ್ರಿ. ತಿನ್ನೂ ಹೊತ್ತಿಗೆ ಕ್ಯಾಮೆರಾ ಚೀಲದಾಗ ಇಡ್ರಿ, ನೀವೂ ಬಂದು ತಿನ್ರಿ." ಕೊನೆಯ ಮಾತಿಗೆ ಅವರು ಬಹಳ ಖುಷಿಯಾಗುತ್ತಾರೆ. ತಿನ್ನುವಾಗ ಫೋಟೊ ಇಲ್ಲ ಅನ್ನುವ ನಿಯಮವನ್ನು ಇಲ್ಲಿಯವರೆಗೆ ಒಬ್ಬರೂ ವಿರೋಧಿಸಿಲ್ಲ. ಮಿರ್ಚಿ ಕಚ್ಚುವಾಗ ಯಾರ ಮುಖ ಚಂದ ಇರುತ್ತದೆ ಹೇಳಿ?

ದುಡ್ಡು ಮಾತಾಡುವಾಗಲೇ ಇನ್ನು ಮೂರು ವಿಷಯ ತೀರ್ಮಾನ ಮಾಡಿಕೊಳ್ಳಿ, ಬರವಣಿಗೆಯಲ್ಲಿ ಇದ್ದರೆ ಒಳ್ಳೆಯದು.

ಫೋಟೊಗಳನ್ನು ಒಬ್ಬರ ಕೈಗೆ ಮಾತ್ರ ಕೊಡಬೇಕು. ಅತಿಥಿ ಕೇಳಿದರು, ಅಧ್ಯಕ್ಷರು ಕೇಳಿದರು ಅಂತ ಅಲ್ಲೇ ಮೊಬೈಲಿಗೆ ಕಳಿಸುವ ಹಾಗಿಲ್ಲ.

ಸ್ಟುಡಿಯೊದವರು ತಮ್ಮ ಇನ್‌ಸ್ಟಾಗ್ರಾಂ ಪೇಜಿಗೆ ಹಾಕಿಕೊಳ್ಳುವ ಹಾಗಿಲ್ಲ. ಇದನ್ನು ಯಾರೂ ಯೋಚಿಸುವುದಿಲ್ಲ. ನಾವು ಎಲ್ಲಾ ಜೋಪಾನ ಮಾಡಿ ಕೂತಿದ್ದಾಗ, ಹಿಂದೆ ಹಾಡು ಹಾಕಿದ ರೀಲ್ ಆಗಲೇ ಓಡುತ್ತಿರುತ್ತದೆ.

ಮೂರನೆಯದು ಈಗೀಗ ಬಂದದ್ದು. ಮದುವೆಗಳಲ್ಲಿ ನೋಡಿರುತ್ತೀರಿ: ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಒಂದು ಸೆಲ್ಫಿ ಹಾಕಿದರೆ, ಸಾವಿರ ಫೋಟೊದಲ್ಲಿ ನೀವಿರುವ ಫೋಟೊಗಳನ್ನು ಮಾತ್ರ ಹುಡುಕಿ ಕೊಡುತ್ತದೆ. ಬಹಳ ಅನುಕೂಲ. ಆದರೆ ನಿಮ್ಮದನ್ನು ಹುಡುಕಬೇಕಾದರೆ ಅದು ಎಲ್ಲರ ಮುಖವನ್ನೂ ಅಳತೆ ಮಾಡಿ ಇಟ್ಟುಕೊಂಡಿರಬೇಕು ಅಲ್ವಾ? ಸಭೆಗೆ ಅದು ಬೇಡ ಅಂತ ಹೇಳಿಬಿಡಿ.

ಮೈಕಿನಲ್ಲಿ ಹೇಳುವ ಮಾತು

ಸ್ವಾಗತ ಭಾಷಣಕ್ಕೆ ಮುಂಚೆ, ಮೊಬೈಲ್ ಸೈಲೆಂಟ್ ಮಾಡಿ ಅನ್ನುವಾಗಲೇ ಇದನ್ನೂ ಸೇರಿಸಿ. ಉದ್ದ ಬೇಡ:

"ಎಲ್ಲಾರಿಗೂ ಒಂದ್ ವಿನಂತಿ. ಬೋರ್ಡ್ ಹಚ್ಚಿದ ಸಾಲಿನ ಕಡೆ ಯಾರೂ ಫೋಟೊ ತಗೀಬ್ಯಾಡ್ರಿ. ನಿಮ್ ಸೆಲ್ಫಿ ನೀವ್ ತಗೋರಿ, ಹಿಂದ ಯಾರ ಅದಾರ ಅಂತ ಒಮ್ಮೆ ನೋಡ್ಕೋರಿ. ಸ್ಟೇಟಸ್ ಹಾಕೂದಿದ್ರ ವೇದಿಕಿದ್ದ ಹಾಕ್ರಿ."

ಎರಡನೇ ಸಲ ಚಹಾಕ್ಕೆ ಬಿಡುವ ಮುಂಚೆ ಹೇಳಿ. ಜನ ಮೊಬೈಲ್ ತೆಗೆಯುವುದು ಆವಾಗಲೇ.

ಯೂಟ್ಯೂಬ್ ಲೈವ್ ಇದ್ದರೆ ಕ್ಯಾಮೆರಾವನ್ನು ವೇದಿಕೆಗೆ ನಿಲ್ಲಿಸಿ ಬಿಡಿ. ಪ್ರಶ್ನೆ ಕೇಳುವವರ ಕಡೆ ತಿರುಗಿಸಬೇಡಿ. ದನಿಯಿಂದಲೂ ಜನ ಗುರುತು ಹಿಡಿಯುತ್ತಾರೆ. ಹಾಗಾಗಿ ಚೀಟಿಯಲ್ಲಿ ಬರೆದು ಕೇಳುವ ಅವಕಾಶ ಇಡಿ, ಒಬ್ಬರು ಓದಲಿ. ಆನ್‌ಲೈನ್ ಸಭೆ ಆದರೆ ಎಲ್ಲರ ಮುಖ ಇರುವ ಸ್ಕ್ರೀನ್‌ಶಾಟ್ ತೆಗೆಯುವ ಮುಂಚೆ ಹೇಳಿ, ವಿಡಿಯೊ ಆಫ್ ಮಾಡಿಕೊಳ್ಳಲು ಅರ್ಧ ನಿಮಿಷ ಕೊಡಿ.

ಗ್ರೂಪ್ ಫೋಟೊ

ಇದು ಬಹಳ ಸೂಕ್ಷ್ಮ. "ಎಲ್ಲಾರೂ ಬರ್ರಿ, ಎಲ್ಲಾರೂ ಬರ್ರಿ" ಅಂತ ಕೈ ಹಿಡಿದು ಎಳೆಯುವುದು ನಮ್ಮ ಕಡೆಯ ಪ್ರೀತಿ. ಬಾರದವರನ್ನು "ಯಾಕ್ರಿ ಅಕ್ಕಾರ, ನಮ್ ಮ್ಯಾಲ ಸಿಟ್ಟೇನ್ರಿ?" ಅಂತ ಕೇಳುವುದೂ ಪ್ರೀತಿಯೇ. ಅವರು ಕೊನೆಗೆ ಬಂದು ಮೂಲೆಯಲ್ಲಿ ನಿಲ್ಲುತ್ತಾರೆ, ಮುಂದಿನ ಸಭೆಗೆ ಬರುವುದಿಲ್ಲ.

ನಾವು ಗ್ರೂಪ್ ಫೋಟೊವನ್ನು ಕಾರ್ಯಕ್ರಮ ಮುಗಿದ ಮೇಲೆ, ತಿಂಡಿ ಶುರುವಾದ ಮೇಲೆ, ಹಾಲಿನ ಹೊರಗೆ ತೆಗೆಯುತ್ತೇವೆ. "ಫೋಟೊ ಬೇಕಾದವ್ರು ಹೊರಗ ಬರ್ರಿ, ಉಳಿದವ್ರು ತಿಂಡಿ ತಗೋರಿ" ಅನ್ನುತ್ತೇವೆ. ಒಳಗೆ ಉಳಿದವರು ಗಿರ್ಮಿಟ್‌ಗೆ ಉಳಿದರೋ ಫೋಟೊ ತಪ್ಪಿಸಿಕೊಂಡರೋ ಯಾರಿಗೆ ಗೊತ್ತು! ಒಬ್ಬರು ಹೊರಗೆ ಬಾರದವರನ್ನು ಕರೆಯಲು ಹೊರಟರೆ ತಡೆಯುವ ಕೆಲಸ ಕಮಿಟಿಯ ಒಬ್ಬರಿಗೆ ವಹಿಸಿ. ಅಂಥವರು ಪ್ರತಿ ಸಭೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಪತ್ರಿಕೆಯವರು, ಪ್ರಾಯೋಜಕರು, ಕಾಲೇಜಿನವರು

ವರದಿಗಾರರು ನಮ್ಮ ಮಾತಿನಂತೆ ನಡೆಯಬೇಕಾದವರಲ್ಲ. ಆದರೆ ಹೇಳಿದರೆ ಕೇಳುತ್ತಾರೆ. ಯಾವ ಕಡೆ ಬೇಡ ಅಂತ ತೋರಿಸಿ. ಪತ್ರಿಕಾ ಪ್ರಕಟಣೆಯ ಜೊತೆ ಒಂದು ಒಳ್ಳೆಯ ಫೋಟೊವನ್ನು ನಾವೇ ಸಂಜೆ ಆರರೊಳಗೆ ಕಳಿಸಿದರೆ ಅವರಿಗೂ ಕೆಲಸ ಕಡಿಮೆ.

ಪ್ರಾಯೋಜಕರ ಕಡೆಯಿಂದ ಒಬ್ಬ ಹುಡುಗ ಬಂದು, ತಮ್ಮ ಬ್ಯಾನರ್ ಮುಂದೆ ಬಂದವರನ್ನೆಲ್ಲಾ ನಿಲ್ಲಿಸಿ ಮೊಬೈಲಿನಲ್ಲಿ ತೆಗೆಯುತ್ತಾನೆ. ಅವನಿಗೆ ಮೇಲಿನವರು ಇಷ್ಟು ಫೋಟೊ ಬೇಕು ಅಂತ ಹೇಳಿರುತ್ತಾರೆ. ಪ್ರಾಯೋಜಕರಿಗೆ ಬರೆಯುವ ಪತ್ರದಲ್ಲೇ ನಮ್ಮ ಫೋಟೊ ನಿಯಮ ಸೇರಿಸಿ.

ಕಾಲೇಜುಗಳಲ್ಲಿ ಸಭೆ ಮಾಡಿದರೆ ಇನ್ನೊಂದು ತಲೆನೋವು: ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ವರದಿಗೆ ಜಿಯೊಟ್ಯಾಗ್ ಫೋಟೊ ಬೇಕು ಅನ್ನುತ್ತಾರೆ. ಜಿಪಿಎಸ್ ಮ್ಯಾಪ್ ಕ್ಯಾಮೆರಾ ಹಿಡಿದು ಪ್ರಾಧ್ಯಾಪಕರೊಬ್ಬರು ಮುಂದಿನಿಂದ ಹಿಂದಿನವರೆಗೆ ತೆಗೆಯುತ್ತಾರೆ. ಮುಖದ ಜೊತೆಗೆ ಜಾಗ, ದಿನಾಂಕ, ಹೊತ್ತು ಎಲ್ಲಾ ಫೋಟೊ ಮೇಲೇ ಅಚ್ಚಾಗಿರುತ್ತದೆ. ಅವರಿಗೆ ಬೇಕಾಗಿರುವುದು ಕಾರ್ಯಕ್ರಮ ಆಯಿತು ಅನ್ನುವ ಸಾಕ್ಷಿ. ಹಿಂದಿನಿಂದ, ಬ್ಯಾನರ್ ಕಾಣುವ ಹಾಗೆ ಒಂದು ತೆಗೆದುಕೊಡಿ. ಜೊತೆಗೆ ಸಹಿ ಮಾಡಿದ ಹಾಜರಿ ಹಾಳೆ ಕೊಡಿ. ಹಾಂ, ಆ ಹಾಜರಿ ಹಾಳೆಯ ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ. ಅರವತ್ತು ಜನರ ಹೆಸರು, ಮೊಬೈಲ್ ನಂಬರ್ ಒಟ್ಟಿಗೆ ಹೋಗುತ್ತವೆ. ನಗಬೇಡಿ, ಹಾಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ.

ಕಳಿಸುವ ಮುಂಚೆ ಜರಡಿ ಹಿಡಿಯುವುದು

ಫೋಟೊ ಹೊರಗೆ ಹೋಗುವ ಬಾಗಿಲು ಒಂದೇ ಇರಲಿ, ಅಲ್ಲಿ ಒಬ್ಬರೇ ಇರಲಿ. ನಮ್ಮಲ್ಲಿ ಆ ಕೆಲಸ ಒಬ್ಬ ತಂಗಿಯದು. ಅವಳು ಹೂಂ ಅಂದ ಮೇಲೆಯೇ ಗ್ರೂಪಿಗೆ. ಅಧ್ಯಕ್ಷರಿಗೂ ಅದೇ ನಿಯಮ.

ಅವಳು ಫೋಟೊವನ್ನು ಮೊಬೈಲಿನಲ್ಲಿ ನೋಡುವುದಿಲ್ಲ, ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡುತ್ತಾಳೆ. ಮೊದಲು ಹಿಂದಿನ ಸಾಲು, ಕಿಟಕಿಯ ಗಾಜು, ಬಾಗಿಲ ಹತ್ತಿರ, ಆಮೇಲೆ ಮುಂದಿನವರು. ಗುರುತು ಹತ್ತುವುದು ಮುಖದಿಂದಷ್ಟೇ ಅಲ್ಲ. ಕಂಪನಿಯ ಐಡಿ ಕಾರ್ಡು, ಯೂನಿಫಾರ್ಮ್, ಜೊತೆಗೆ ಬಂದ ಮಗು. ಮಗು ಕಂಡರೆ ಆ ಫೋಟೊ ತೆಗೆದೇ ಹಾಕುತ್ತಾಳೆ.

ಬೇಡ ಅಂದವರು ಬಂದಿದ್ದರೆ ಆ ಫೋಟೊವನ್ನೇ ಬಿಡುವುದು ಮೊದಲ ದಾರಿ. ಬಿಡಲು ಆಗದಿದ್ದರೆ ಕತ್ತರಿಸುವುದು. ಅದೂ ಆಗದಿದ್ದರೆ ಮುಖ ಮುಚ್ಚುವುದು. ಸಿಗ್ನಲ್ ಆಪ್‌ನಲ್ಲಿ 2020ರಿಂದ ಮುಖ ಮಸುಕು ಮಾಡುವ ಸೌಕರ್ಯ ಇದೆ. ಅರೆಬರೆ ಮಸುಕು ಮಾಡಿದರೆ ಗೊತ್ತಿದ್ದವರಿಗೆ ಗುರುತು ಸಿಕ್ಕೇ ಸಿಗುತ್ತದೆ, ಪೂರ್ತಿ ಮುಚ್ಚಿ. ಒಬ್ಬರ ಮುಖಕ್ಕೆ ಮಾತ್ರ ನಗುವ ಇಮೋಜಿ ಅಂಟಿಸಿದರೆ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ ಅನ್ನುವುದೂ ನೆನಪಿರಲಿ.

ವರದಿ ಮಾಡುವವರಿಗೆ ಒಂದು ಮಾತು. ವರ್ಡ್ ಅಥವಾ ಪವರ್‌ಪಾಯಿಂಟ್ ಒಳಗೆ ಫೋಟೊ ಕತ್ತರಿಸಿದರೆ ಕಣ್ಣಿಗೆ ಮಾತ್ರ ಕತ್ತರಿಸಿದ ಹಾಗೆ ಕಾಣುತ್ತದೆ. ಕತ್ತರಿಸಿದ ಭಾಗ ಫೈಲಿನೊಳಗೆ ಹಾಗೇ ಇರುತ್ತದೆ, ಯಾರು ಬೇಕಾದರೂ ಎಳೆದು ಮತ್ತೆ ತೋರಿಸಬಹುದು. ಫೋಟೊ ಆಪ್‌ನಲ್ಲಿ ಕತ್ತರಿಸಿ, ಹೊಸ ಫೈಲ್ ಆಗಿ ಉಳಿಸಿ, ಆಮೇಲೆ ಅದನ್ನು ಹಾಕಿ.

ತಪ್ಪಾದರೆ

ಆಗುತ್ತದೆ. ಇಷ್ಟೆಲ್ಲಾ ಮಾಡಿದ ಮೇಲೂ ನಮ್ಮಲ್ಲಿ ಇನ್ನೊಮ್ಮೆ ಆಯಿತು.

ಮೆಸೇಜ್ ಬಂದ ಕೂಡಲೇ ಮೊದಲು ತೆಗೆಯಿರಿ, ಆಮೇಲೆ ಮಾತಾಡಿ. ವಾಟ್ಸಾಪ್‌ನಲ್ಲಿ ‘ಎಲ್ಲರಿಗೂ ಅಳಿಸು’ ಅನ್ನುವುದು ಕಳಿಸಿ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತಿನವರೆಗೆ ಮಾತ್ರ ನಡೆಯುತ್ತದೆ. ಬೇರೆಯವರು ಹಾಕಿದ್ದನ್ನೂ ಗ್ರೂಪಿನ ಅಡ್ಮಿನ್ ಅಳಿಸಬಹುದು. ಆದರೆ ಐಫೋನ್ ಇದ್ದವರ ಗ್ಯಾಲರಿಯಲ್ಲಿ ಸೇವ್ ಆದದ್ದು ಉಳಿಯಬಹುದು. ಫಾರ್ವರ್ಡ್ ಆದದ್ದು, ಸ್ಟೇಟಸ್‌ಗೆ ಹೋದದ್ದು ಅಳಿಯುವುದಿಲ್ಲ. ಅದಕ್ಕೆ ಒಬ್ಬೊಬ್ಬರಿಗೆ ಫೋನ್ ಮಾಡಬೇಕು. ಗ್ರೂಪಿನಲ್ಲಿ "ಆ ಮೇಡಂ ಇರುವ ಫೋಟೊ ಡಿಲೀಟ್ ಮಾಡಿ" ಅಂತ ಬರೆಯಬೇಡಿ. ನೋಡದವರೂ ಹುಡುಕಿಕೊಂಡು ಹೋಗಿ ನೋಡುತ್ತಾರೆ. "ಶನಿವಾರದ ಫೋಟೊ ಎಲ್ಲಾ ತೆಗೆಯುತ್ತಿದ್ದೇವೆ, ಹೊಸದಾಗಿ ಹಾಕುತ್ತೇವೆ" ಅನ್ನಿ ಸಾಕು.

ಅವರಿಗೆ ಹೇಳುವ ಮಾತು ಚಿಕ್ಕದಿರಲಿ. "ತಪ್ಪಾತ್ರಿ. ತಗದೀವಿ. ಇಂಥಿಂಥ ಕಡೆ ಹೋಗಿತ್ತು, ಇಷ್ಟು ಜನ ನೋಡಿರಬಹುದು." ಮೂರನೇ ಮಾತು ಮುಖ್ಯ. ಎಲ್ಲಿಗೆ ಹೋಗಿತ್ತು ಅಂತ ಗೊತ್ತಾದರೆ ಮುಂದೆ ಏನು ಮಾಡಬೇಕು ಅಂತ ಅವರೇ ತೀರ್ಮಾನ ಮಾಡಿಕೊಳ್ಳುತ್ತಾರೆ. "ಯಾರೂ ನೋಡಿರೂದಿಲ್ ಬಿಡ್ರಿ" ಅಂತ ಮಾತ್ರ ಹೇಳಬೇಡಿ. ನಾನು ಆ ದಿನ ಅದನ್ನೇ ಹೇಳಿದ್ದೆ.

ಬೇಡ ಅನ್ನುವವರು ನೀವೇ ಆಗಿದ್ದರೆ

ಹಿಂದಿನ ದಿನವೇ ಮೆಸೇಜ್ ಹಾಕಿ. ಬಾಯಿ ಮಾತಿಗಿಂತ ಬರೆದದ್ದು ಗಟ್ಟಿ, ಮರೆಯುವ ನನ್ನಂಥವರಿಗೂ ಒಳ್ಳೆಯದು. ಕಾರಣ ಬರೆಯಬೇಕಾಗಿಲ್ಲ. ಹಾಲಿಗೆ ಬಂದ ಮೇಲೆ ಕ್ಯಾಮೆರಾದವರಿಗೂ ಒಮ್ಮೆ ಮುಖ ತೋರಿಸಿ ಹೇಳಿ. ಅವರು ನಿಯತ್ತಿನ ಜನ, ನೆನಪಿಟ್ಟುಕೊಳ್ಳುತ್ತಾರೆ. ಫೇಸ್‌ಬುಕ್‌ನಲ್ಲಿ ನಿಮ್ಮನ್ನು ಯಾರಾದರೂ ಟ್ಯಾಗ್ ಮಾಡಿದರೆ ನೀವು ಒಪ್ಪಿದ ಮೇಲೆಯೇ ನಿಮ್ಮ ಗೋಡೆಯ ಮೇಲೆ ಕಾಣುವ ಹಾಗೆ ಸೆಟ್ಟಿಂಗ್ ಇದೆ, ಹಾಕಿಕೊಳ್ಳಿ. ಅದರಿಂದ ಫೋಟೊ ಹೋಗುವುದಿಲ್ಲ, ನಿಮ್ಮ ಹೆಸರಿನ ಜೊತೆ ಓಡಾಡುವುದು ಕಡಿಮೆಯಾಗುತ್ತದೆ.

ಹಳೆಯವು

ನಮ್ಮ ಪೇಜಿನಲ್ಲಿ ಹಿಂದಿನ ವರ್ಷಗಳ ಆಲ್ಬಮ್‌ಗಳು ಹಾಗೇ ಬಿದ್ದಿದ್ದವು. ಅದರಲ್ಲಿ ಒಬ್ಬರನ್ನೂ ಕೇಳಿ ಹಾಕಿದ್ದಲ್ಲ. ಈಗ ಪ್ರತಿ ಕಾರ್ಯಕ್ರಮದ ಫೋಟೊಗಳಲ್ಲಿ ಆರಿಸಿದ ಎಂಟನ್ನು ಇಟ್ಟುಕೊಂಡು ಉಳಿದದ್ದನ್ನು ತಿಂಗಳೊಳಗೆ ಡ್ರೈವ್‌ನಿಂದ ಅಳಿಸುತ್ತೇವೆ, ಸ್ಟುಡಿಯೊದವರಿಂದಲೂ ಅಳಿಸುತ್ತೇವೆ. ಹಳೆಯದಕ್ಕೆ ಅಡ್ಡದಾರಿ ಇಲ್ಲ. ಭಾನುವಾರ ಬೆಳಿಗ್ಗೆ ಚಹಾ ಹಿಡಿದು ಕೂತು ಒಂದೊಂದೇ ಆಲ್ಬಮ್ ತೆಗೆದು ನೋಡುತ್ತೇನೆ. ವೇದಿಕೆಯದು ಇರಲಿ, ಊಟದ್ದು ಹೋಗಲಿ. ಸದ್ಯ 2019ಕ್ಕೆ ಬಂದಿದ್ದೇನೆ. ಆ ವರ್ಷ ನಮ್ಮಲ್ಲಿ ಯಾರೋ ಹೊಸ ಕ್ಯಾಮೆರಾ ಕೊಂಡಿದ್ದರು ಅಂತ ಕಾಣುತ್ತದೆ, ಒಂದೇ ಕಾರ್ಯಕ್ರಮದ್ದು ಮುನ್ನೂರ ಹನ್ನೆರಡು ಇವೆ.